ನೊಗ ಇಳಿಸದ ಎತ್ತು

ಕಳೆದ ಮಾಘದಲ್ಲಿ ದಾವಣಗೆರೆಯಲ್ಲಿ ಚಿಕ್ಕಪ್ಪನ ಮಗಳ ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಭಾವ ಕೂತಿದ್ದರು. ಎಲೆಗೆ ಕೋಸಂಬರಿ, ಪಲ್ಯ ಬಿದ್ದಾಗಿತ್ತು, ಹೋಳಿಗೆಯ ಮೇಲೆ ತುಪ್ಪವನ್ನೂ ಹಾಕಿ ಹೋಗಿದ್ದರು. ಭಾವನ ಎಡಗೈ ಮಾತ್ರ ತೊಡೆಯ ಮೇಲಿನ ಫೋನನ್ನು ಬಿಟ್ಟಿರಲಿಲ್ಲ. ಅವತ್ತು ಭಾನುವಾರ. ಅವರ ಟೀಮಿನ ಸಾಫ್ಟ್‌ವೇರ್ ರಿಲೀಸ್ ಶುಕ್ರವಾರವೇ ಮುಗಿದಿತ್ತು. ಬೆಳಗಿನಿಂದ ಆಫೀಸಿನಿಂದ ಒಂದು ಕರೆಯೂ ಬಂದಿರಲಿಲ್ಲ.

"ಏನಾದ್ರೂ ತೊಂದ್ರೆ ಆಗಿದೆಯಾ ಭಾವ?" ಎಂದೆ.

"ಇಲ್ಲಪ್ಪ, ಸುಮ್ನೆ ನೋಡ್ತಿದ್ದೆ. ನೋಡ್ಲಿಲ್ಲ ಅಂದ್ರೆ ಒಂಥರಾ ಆಗುತ್ತೆ."

ಮನಶ್ಶಾಸ್ತ್ರಜ್ಞರು ಅರ್ಧ ಶತಮಾನದಿಂದ ಬೆನ್ನು ಹತ್ತಿರುವುದು ಈ 'ಒಂಥರಾ'ವನ್ನೇ. ಅಮೆರಿಕದ ಪಾದ್ರಿ, ಧರ್ಮ ಮತ್ತು ಮನಸ್ಸಿನ ಸಂಬಂಧವನ್ನು ಪಾಠ ಮಾಡುತ್ತಿದ್ದ ವೇಯ್ನ್ ಓಟ್ಸ್ 1971ರಲ್ಲಿ ಬರೆದ ಪುಸ್ತಕದಿಂದ 'ವರ್ಕಹಾಲಿಕ್' ಎಂಬ ಪದ ಮನೆಮಾತಾಯಿತು. ಆಲ್ಕೊಹಾಲಿಕ್ ಎಂಬ ಪದದ ಅಚ್ಚಿನಲ್ಲೇ ಅವರು ಇದನ್ನು ಎರಕ ಹೊಯ್ದರು. ಕುಡಿತದ ಚಟಕ್ಕೆ ಬಿದ್ದವರಿಗೆ ಸಾಂತ್ವನ ಹೇಳುತ್ತಿದ್ದ ಓಟ್ಸ್‌ಗೆ ಅದೇ ಲಕ್ಷಣ ತಮ್ಮಲ್ಲೂ ಕಂಡಿತ್ತು. ಅವರ ಪುಟ್ಟ ಮಗ ಅಪ್ಪನನ್ನು ನೋಡಲು ಅಪಾಯಿಂಟ್‌ಮೆಂಟ್ ಕೇಳಿದ್ದನಂತೆ. ಕನ್ನಡದಲ್ಲಿ ನಾನು ಇದನ್ನು ಕೆಲಸದ ಗೀಳು ಎನ್ನುತ್ತೇನೆ. ಬೇಡವೆಂದರೂ ಮರಳಿ ಮರಳಿ ಬರುವುದಕ್ಕೆ ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಪದವಿಲ್ಲ.

ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದ ಸೆಸಿಲಿಯೆ ಆಂಡ್ರಿಯಾಸೆನ್ ಮತ್ತು ಸಂಗಡಿಗರು 2012ರಲ್ಲಿ ಈ ಗೀಳಿಗೊಂದು ಅಳತೆಗೋಲು ಮಾಡಿಕೊಟ್ಟರು. ಅದರಲ್ಲಿರುವುದು ಏಳೇ ಪ್ರಶ್ನೆಗಳು. ಕಳೆದ ಒಂದು ವರ್ಷದಲ್ಲಿ ಕೆಲಸಕ್ಕೆ ಇನ್ನಷ್ಟು ಹೊತ್ತು ಎಲ್ಲಿಂದ ಹೊಂದಿಸಲಿ ಎಂದು ಯೋಚಿಸಿದ್ದೀರಾ? ಅಂದುಕೊಂಡದ್ದಕ್ಕಿಂತ ಬಹಳ ಹೊತ್ತು ಕೆಲಸದಲ್ಲೇ ಕಳೆದಿರಾ? ತಪ್ಪಿತಸ್ಥ ಭಾವನೆಯನ್ನೋ ಆತಂಕವನ್ನೋ ತಗ್ಗಿಸಿಕೊಳ್ಳಲು ಕೆಲಸಕ್ಕೆ ಕೂತಿರಾ? ಕಡಿಮೆ ಮಾಡಿ ಎಂದವರ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲವೇ? ಕೆಲಸ ಮಾಡಲು ಬಿಡದಿದ್ದಾಗ ಚಡಪಡಿಸಿದಿರಾ? ಹವ್ಯಾಸ, ವ್ಯಾಯಾಮ ಮೂಲೆ ಸೇರಿದವೇ? ಆರೋಗ್ಯ ಕೆಟ್ಟಿತೇ? ಏಳರಲ್ಲಿ ನಾಲ್ಕಕ್ಕಾದರೂ 'ಬಹಳ ಸಲ' ಅಥವಾ 'ಯಾವಾಗಲೂ' ಎಂಬ ಉತ್ತರ ಬಂದರೆ ಗೀಳಿನ ಲಕ್ಷಣ ಇದೆ ಎಂದು ಲೆಕ್ಕ. ಎಷ್ಟು ಗಂಟೆ ದುಡಿಯುತ್ತೀರಿ ಎಂಬ ಪ್ರಶ್ನೆ ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಭಾವನ 'ಒಂಥರಾ' ಮಾತ್ರ ಐದನೆಯದಾಗಿ ಇದೆ.

ಇದೇ ಅಳತೆಗೋಲಿನಿಂದ ನಾರ್ವೆಯ 16,426 ದುಡಿಯುವವರನ್ನು ನೋಡಿದಾಗ ಶೇ 7.8ರಷ್ಟು ಜನರಲ್ಲಿ ಗೀಳು ಕಂಡಿತು. ಅವರಲ್ಲಿ ಮೂರರಲ್ಲೊಬ್ಬರಿಗೆ ಆತಂಕದ ಕಾಯಿಲೆಯ ಲಕ್ಷಣಗಳಿದ್ದವು. ಉಳಿದವರಲ್ಲಿ ಆ ಪ್ರಮಾಣ ಎಂಟರಲ್ಲೊಬ್ಬರಷ್ಟು. ಗೀಳಿನಿಂದ ಆತಂಕವೋ, ಆತಂಕದಿಂದ ಗೀಳೋ ಎಂದು 2016ರ ಈ ಅಧ್ಯಯನ ಹೇಳಲಾರದು. ಎರಡೂ ಒಂದನ್ನೊಂದು ಬೆಳೆಸುತ್ತವೆ ಎಂಬುದು ನನ್ನ ಊಹೆ.

ಗಂಟೆ ಬೇರೆ, ಗೀಳು ಬೇರೆ ಎಂಬುದನ್ನು ನನಗೆ ಮನಗಾಣಿಸಿದ್ದು ನೆದರ್ಲೆಂಡ್ಸ್‌ನ ಒಂದು ಅಧ್ಯಯನ. ಲೀಕೆ ಟೆನ್ ಬ್ರುಮೆಲ್‌ಹೌಸ್ ಮತ್ತು ನ್ಯಾನ್ಸಿ ರಾಥ್‌ಬಾರ್ಡ್ ಒಂದು ಹಣಕಾಸು ಸಲಹಾ ಸಂಸ್ಥೆಯ 763 ಉದ್ಯೋಗಿಗಳ ಸೊಂಟದ ಸುತ್ತಳತೆ, ರಕ್ತದೊತ್ತಡ, ಕೊಲೆಸ್ಟರಾಲ್, ಟ್ರೈಗ್ಲಿಸರೈಡ್ ಅಳತೆಗಳನ್ನು ಪಡೆದರು. ಗೀಳಿಲ್ಲದೆ ಹೆಚ್ಚು ಹೊತ್ತು ದುಡಿಯುವವರಲ್ಲಿ ಅಪಾಯ ಹೆಚ್ಚಿರಲಿಲ್ಲ. ಗೀಳಿದ್ದವರಲ್ಲಿ ನಿದ್ದೆಗೇಡು, ದಣಿವು ಹೆಚ್ಚು. ಗೀಳೂ ಇದ್ದು ಕೆಲಸದಲ್ಲಿ ಖುಷಿಯೂ ಇಲ್ಲದವರ ದೇಹದಲ್ಲಿ ಸಕ್ಕರೆ ಕಾಯಿಲೆ, ಹೃದ್ರೋಗಗಳಿಗೆ ದಾರಿ ಮಾಡುವ ಲಕ್ಷಣಗಳೂ ಎದ್ದು ಕಂಡವು.

ಹಾಗಾದರೆ ದೇಹದೊಳಗೆ ನಡೆಯುವುದೇನು? ದಿನವಿಡೀ ಉತ್ತ ಎತ್ತಿನ ನೊಗ ಇಳಿಸಿ ಕೊಟ್ಟಿಗೆಯಲ್ಲಿ ಕಟ್ಟಿದರೆ ಬೆಳಗಾಗುವಷ್ಟರಲ್ಲಿ ಅದರ ದಣಿವು ಹೋಗಿರುತ್ತದೆ. ನಮ್ಮ ದೇಹದ ಏರ್ಪಾಡೂ ಹಾಗೆಯೇ. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕೂತ ಅಡ್ರಿನಲ್ ಗ್ರಂಥಿಗಳು ಸುರಿಸುವ, ದೇಹವನ್ನು ಎಚ್ಚರದಲ್ಲಿಡುವ ಕಾರ್ಟಿಸಾಲ್ ಎಂಬ ಹಾರ್ಮೋನು, ನಾವು ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ತುತ್ತತುದಿ ಮುಟ್ಟುತ್ತದೆ. ಆಮೇಲೆ ಇಳಿಯುತ್ತ ಹೋಗಿ ನಡುರಾತ್ರಿಯ ಹೊತ್ತಿಗೆ ತಳ ಸೇರುತ್ತದೆ. ನಾಡಿ ಬಡಿತ, ರಕ್ತದೊತ್ತಡ ಎರಡೂ ರಾತ್ರಿ ತಗ್ಗಬೇಕು. ಆದರೆ ಬಾಸ್ ಎದುರಿಗಿರುವುದಕ್ಕೂ ಬಾಸಿನ ಮೇಲ್ ಬಂದೀತೆಂದು ಹಾಸಿಗೆಯಲ್ಲಿ ನೆನೆಯುವುದಕ್ಕೂ ದೇಹ ಅಷ್ಟೇನೂ ಭೇದ ಮಾಡುವುದಿಲ್ಲ. ಚಿಂತೆ ಇರುವಷ್ಟು ಹೊತ್ತೂ ಎಚ್ಚರದ ಸ್ಥಿತಿ ಮುಂದುವರಿಯುತ್ತದೆ. ಗೀಳಿದ್ದವರು ಆರು ಗಂಟೆಗೇ ಮನೆಗೆ ಬಂದಿರಬಹುದು, ಅವರ ನೊಗ ಮಾತ್ರ ಹೆಗಲ ಮೇಲೇ ಇರುತ್ತದೆ.

ಇಷ್ಟು ಹೇಳಿದೆನೆಂದು ಗಂಟೆಗಳು ನಿರುಪದ್ರವಿ ಎಂದುಕೊಳ್ಳಬಾರದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2021ರ ಅಂದಾಜಿನ ಪ್ರಕಾರ, ದೀರ್ಘ ದುಡಿಮೆಯಿಂದ ಬಂದ ಪಾರ್ಶ್ವವಾಯು ಮತ್ತು ಹೃದ್ರೋಗಕ್ಕೆ 2016ರ ಒಂದೇ ವರ್ಷದಲ್ಲಿ 7 ಲಕ್ಷ 45 ಸಾವಿರ ಜನ ಬಲಿಯಾದರು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು. ಎರಡು ಮನೆಯಲ್ಲಿ ಮುಸುರೆ ತಿಕ್ಕಿ ಮೂರನೆಯ ಮನೆಗೆ ಓಡುವ ತಾಯಿಗೆ ಗೀಳೇನೂ ಇಲ್ಲ, ಆಕೆಗಿರುವುದು ಹೊಟ್ಟೆಪಾಡು. ಅವಳ ದಣಿವನ್ನು ಭಾವನ ಚಡಪಡಿಕೆಯ ಜೊತೆ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ.

2023ರಿಂದ ನಮ್ಮಲ್ಲಿ ವಾರಕ್ಕೆ 70 ಗಂಟೆ ದುಡಿಯಬೇಕೆಂಬ ಮಾತಿನ ಮೇಲೆ ಚರ್ಚೆ ನಿಂತೇ ಇಲ್ಲ. ಆ ಸಂಖ್ಯೆಗೊಂದು ಹಳೆಯ ಪರೀಕ್ಷೆ ಇದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ಯಾರು ಎಷ್ಟು ಹೊತ್ತು ದುಡಿದು ಎಷ್ಟು ಮಾಲು ಮಾಡಿದರೆಂಬ ಲೆಕ್ಕ ಬರೆದಿಟ್ಟಿದ್ದರು. ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ಜಾನ್ ಪೆಂಕಾವೆಲ್ 2014ರಲ್ಲಿ ಆ ಲೆಕ್ಕ ಬಿಚ್ಚಿದಾಗ, ವಾರಕ್ಕೆ 70 ಗಂಟೆ ದುಡಿದವರ ಉತ್ಪಾದನೆ 56 ಗಂಟೆಯವರದಕ್ಕಿಂತ ಹೆಚ್ಚೇನೂ ಇರಲಿಲ್ಲ. 14 ಗಂಟೆ ನೀರಲ್ಲಿ ಹೋಮ.

ಇಂಥ ಚರ್ಚೆಗಳಲ್ಲಿ 'ಕಾಯಕವೇ ಕೈಲಾಸ' ಎಂಬ ಮಾತನ್ನು ಮುಂದೆ ತರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆ ಮಾತಿರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಬಿದ್ದ ಅಕ್ಕಿ ಆಯುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದಳು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕಾಯಕಕ್ಕೆ ಅಳತೆಯೂ ಇತ್ತು, ಅದನ್ನು ನೆನಪಿಸುವ ಮನೆಯವಳೂ ಇದ್ದಳು.

ಇನ್ನು ನೊಗ ಇಳಿಸುವುದು ಹೇಗೆ ಎಂಬ ಪ್ರಶ್ನೆ. ಜರ್ಮನಿಯ ಮನಶ್ಶಾಸ್ತ್ರಜ್ಞೆ ಸಬೀನೆ ಜೊನೆನ್‌ಟಾಗ್ ಹಲವು ವರ್ಷಗಳಿಂದ ಇದನ್ನೇ ಅಧ್ಯಯನ ಮಾಡುತ್ತಿದ್ದಾರೆ. ಮನೆಗೆ ಬಂದ ಮೇಲೆ ಮನಸ್ಸೂ ಕೆಲಸದಿಂದ ಬಿಡಿಸಿಕೊಂಡರೆ ಮಾತ್ರ ದಣಿವು ಹೋಗುತ್ತದೆ, ಆದರೆ ಒತ್ತಡ ಹೆಚ್ಚಿದಷ್ಟೂ ಹಾಗೆ ಬಿಡಿಸಿಕೊಳ್ಳುವುದು ಕಷ್ಟ ಎಂಬುದು ಅವರು ಕಂಡದ್ದು. ಅದಕ್ಕೇ ಇದನ್ನು ಉದ್ಯೋಗಿಯೊಬ್ಬನ ತಲೆಗೇ ಕಟ್ಟಬಾರದು. ರಾತ್ರಿ ಹನ್ನೊಂದಕ್ಕೆ ಮೇಲ್ ಕಳಿಸಿದವನನ್ನು ಅಪ್ರೈಸಲ್‌ನಲ್ಲಿ ಹೊಗಳುವ ಮ್ಯಾನೇಜರು ಮೊದಲು ಬದಲಾಗಬೇಕು.

ನಮ್ಮ ಕೈಲಾಗುವ ಸಣ್ಣದೊಂದು ದಾರಿಯನ್ನು ಟೆಕ್ಸಸ್‌ನ ಬೇಲರ್ ವಿಶ್ವವಿದ್ಯಾಲಯದವರು 2018ರಲ್ಲಿ ತೋರಿಸಿದರು. ನಿದ್ರೆಯ ಪ್ರಯೋಗಾಲಯದಲ್ಲಿ 57 ಯುವಜನರಿಗೆ ಮಲಗುವ ಮುಂಚೆ ಐದು ನಿಮಿಷ ಬರೆಯಲು ಹೇಳಿದರು. ಕೆಲವರು ಮುಗಿಸಿದ ಕೆಲಸಗಳನ್ನು ಬರೆದರು, ಉಳಿದವರು ಮುಂದೆ ಆಗಬೇಕಾದ್ದನ್ನು. ಆಗಬೇಕಾದ್ದನ್ನು ಬರೆದವರಿಗೆ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಹತ್ತಿತು. ಬಿಡಿಬಿಡಿಯಾಗಿ, ವಿವರವಾಗಿ ಬರೆದಷ್ಟೂ ಬೇಗ. ತಲೆ ಹೊತ್ತಿದ್ದನ್ನು ಹಾಳೆ ಹೊತ್ತುಕೊಂಡಿತು.

ಇದನ್ನು ಭಾವನಿಗೆ ಹೇಳಿದ್ದೆ. ಹೋದ ತಿಂಗಳು ಅವರ ಮನೆಗೆ ಹೋದಾಗ ಹಾಸಿಗೆಯ ಪಕ್ಕ ಮಗಳ ಹಳೆಯ ನೋಟ್‌ಬುಕ್ ಇತ್ತು, ಫೋನು ಹಾಲ್‌ನಲ್ಲಿ ಟಿವಿಯ ಹಿಂದೆ ಚಾರ್ಜಿಗೆ ಸಿಕ್ಕಿತ್ತು. ಊಟದ ಮಧ್ಯೆ ಎರಡು ಸಲ ಅವರ ಕತ್ತು ಆ ಕಡೆ ತಿರುಗಿತು. "ರಾತ್ರಿ ಪರವಾಗಿಲ್ಲ ಕಣೋ, ಭಾನುವಾರ ಮಾತ್ರ ಇನ್ನೂ ಆಗ್ತಿಲ್ಲ ಇವರ ಕೈಲಿ," ಎಂದು ಅಕ್ಕ ಸಾರು ಬಡಿಸಿದಳು.