ಅವನ ಮಾತನ್ನು ಅವನೇ ಮುಗಿಸಲಿ

ಹದಿನೇಳು, ಹದಿನೆಂಟರ ಮಕ್ಕಳನ್ನು ಕರೆದುಕೊಂಡು ಬರುವ ಅಪ್ಪ ಅಮ್ಮಂದಿರ ಮೇಲೆ ನನ್ನದೊಂದು ದೂರಿದೆ. ನಾನು ಪ್ರಶ್ನೆ ಕೇಳುವುದು ಮಗನನ್ನು. ಉತ್ತರ ಬರುವುದು ನಿಮ್ಮಿಂದ. ಅವನು ಬಾಯಿ ತೆರೆದರೂ ಅರ್ಧದಲ್ಲೇ ತಡೆದು ನೀವೇ ಮುಗಿಸಿಬಿಡುತ್ತೀರಿ. ಜ್ವರದ ಡಾಕ್ಟರ ಹತ್ತಿರ ಇದು ನಡೆದೀತು. ಯಾರು ಏನೇ ಹೇಳಲಿ, ಥರ್ಮಾಮೀಟರ್ ತನ್ನ ಲೆಕ್ಕ ತಾನು ತೋರಿಸುತ್ತದೆ. ಮನೋವೈದ್ಯೆಯಾದ ನನ್ನ ಹತ್ತಿರ ಅಂಥದ್ದೇನೂ ಇಲ್ಲ. ಸ್ಕ್ಯಾನ್, ರಕ್ತಪರೀಕ್ಷೆ ಬೇರೆ ಕಾಯಿಲೆ ಇದೆಯಾ ಅಂತ ನೋಡುವುದಕ್ಕೆ. ಉಳಿದದ್ದೆಲ್ಲ ಹುಡುಗನ ಮಾತಿನ ಮೇಲೆಯೇ ನಿಂತಿದೆ.

ಸೈಕೋಸಿಸ್ ಅಂದರೆ ಯಾರೂ ಇಲ್ಲದೆ ದನಿ ಕೇಳಿಸುವುದು, ನಿಜವಲ್ಲದ್ದನ್ನು ಖಚಿತವಾಗಿ ನಂಬುವುದು, ಹೀಗೆ ವಾಸ್ತವದ ಹಿಡಿತ ತಪ್ಪುವ ಸ್ಥಿತಿ. ಇಲ್ಲಿ ಹೇಳುತ್ತಿರುವುದು ಅದು ಪೂರ್ತಿ ಆಗಿಬಿಟ್ಟವರ ವಿಷಯ ಅಲ್ಲ. ಅದರ ಅಂಚಿನಲ್ಲಿ ಇರಬಹುದಾದ ಮಕ್ಕಳ ವಿಷಯ. ನಿದ್ದೆ ಕೆಟ್ಟಿದೆ, ಗೆಳೆಯರು ಬೇಡವಾಗಿದ್ದಾರೆ, ಮಾರ್ಕ್ಸ್ ಇಳಿದಿದೆ, ಆಗಾಗ ವಿಚಿತ್ರವಾದದ್ದೇನೋ ಹೇಳುತ್ತಾರೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಆ್ಯಲಿಸನ್ ಯಂಗ್, ಪ್ಯಾಟ್ರಿಕ್ ಮೆಕ್‌ಗೋರಿ ಮತ್ತು ಅವರ ಜೊತೆಗಾರರು ಇಂಥವರಿಗಾಗಿಯೇ 1994ರಲ್ಲಿ ಒಂದು ಕ್ಲಿನಿಕ್ ಶುರು ಮಾಡಿದರು. ಕಾಯಿಲೆ ಬಂದಮೇಲೆ ನೋಡುವುದಕ್ಕಿಂತ ಬರುವ ಮೊದಲೇ ಹಿಡಿಯೋಣ ಅಂತ.

ಈಗ ನನ್ನ ದೂರಿಗೆ ಬರುತ್ತೇನೆ. ವಿವರ ಬದಲಿಸಿ ಹೇಳುತ್ತಿದ್ದೇನೆ. ಇಂಜಿನಿಯರಿಂಗ್ ಹುಡುಗ ಒಬ್ಬ ಹೀಗೆ ಹೇಳಿದ: "ಹಾಸ್ಟೆಲ್‌ನಲ್ಲಿ ಎಲ್ಲರೂ ನನ್ ಬಗ್ಗೆನೇ ಮಾತಾಡ್ತಾರೇನೋ ಅನ್ಸುತ್ತೆ ಮೇಡಂ. ಆಮೇಲೆ, ಏ ಇಲ್ಲಪ್ಪ, ನನಗೇ ಏನೋ ಆಗಿದೆ ಅಂತಾನೂ ಅನ್ಸುತ್ತೆ." ಪಕ್ಕದಲ್ಲಿದ್ದ ಅಪ್ಪ ತಕ್ಷಣ ಹೇಳಿದರು: "ಎಲ್ಲರೂ ಅವನ ಬಗ್ಗೆ ಮಾತಾಡ್ತಾರಂತೆ ಡಾಕ್ಟ್ರೇ, ಅದೇ ಪ್ರಾಬ್ಲಂ."

ಅಪ್ಪ ಸುಳ್ಳು ಹೇಳಲಿಲ್ಲ. ಆದರೆ ಹುಡುಗನ ಅನುಮಾನವನ್ನು ಬಿಟ್ಟುಬಿಟ್ಟರು. ನನಗೆ ಬೇಕಾಗಿದ್ದದ್ದು ಅದೇ. ಹುಡುಗನಿಗೆ ತನ್ನ ಯೋಚನೆಯ ಮೇಲೆ ಇನ್ನೂ ಸಂಶಯ ಇದೆ. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದಾನೆ. "ಮಾತಾಡ್ತಾರೆ, ನನಗೆ ಗೊತ್ತು, ಸಾಕ್ಷಿ ಇದೆ" ಎಂದಿದ್ದರೆ ನಾನು ಸೈಕೋಸಿಸ್ ಅಂತಲೇ ಯೋಚಿಸಬೇಕಾಗುತ್ತಿತ್ತು. ಈ ಹಂತದ ಮಕ್ಕಳನ್ನು ಮಾತಾಡಿಸುವಾಗ ನಾವು ಮತ್ತೆ ಮತ್ತೆ ಅಳೆಯುವುದು ಇಷ್ಟನ್ನೇ. ಎಷ್ಟು ಖಚಿತವಾಗಿ ನಂಬುತ್ತಾನೆ? ಬೇರೆ ಕಾರಣ ಇರಬಹುದಾ ಅಂದರೆ ಒಪ್ಪುತ್ತಾನಾ? ವಾರಕ್ಕೆ ಎಷ್ಟು ಸಲ, ಎಷ್ಟು ಹೊತ್ತು? ಅದನ್ನು ನಂಬಿಕೊಂಡು ಏನಾದರೂ ಮಾಡಿದ್ದಾನಾ? ಇವಕ್ಕೆ ಉತ್ತರ ಬದಲಾದರೆ ಚಿಕಿತ್ಸೆಯೂ ಬದಲಾಗುತ್ತದೆ. ಅಪ್ಪನ ವಾಕ್ಯವನ್ನೇ ಬರೆದುಕೊಂಡಿದ್ದರೆ ಆ ಹುಡುಗನಿಗೆ ಬೇಡದ ಮಾತ್ರೆ ಹೋಗುವ ಸಾಧ್ಯತೆ ಇತ್ತು.

ಇದರ ಉಲ್ಟಾ ಕೂಡ ನಡೆಯುತ್ತದೆ. ಇನ್ನೊಬ್ಬ ತಾಯಿ, "ಏನಿಲ್ಲ ಡಾಕ್ಟ್ರೇ, ಸುಮ್ನೆ ಎಕ್ಸಾಂ ಭಯ" ಎಂದು ನಗುತ್ತಲೇ ಕೂತರು. ಮಗ ತಿಂಗಳಿಂದ ಮೆಸ್ಸಿನ ಊಟ ಬಿಟ್ಟಿದ್ದ. ಅನ್ನದಲ್ಲಿ ಏನೋ ಬೆರೆಸುತ್ತಾರೆ ಎಂದು ಅವನಿಗೆ ಗ್ಯಾರಂಟಿ ಆಗಿತ್ತು. ಒಬ್ಬರು ಅನುಮಾನ ಕಳೆದು ಹೇಳುತ್ತಾರೆ, ಇನ್ನೊಬ್ಬರು ಖಚಿತವಾದದ್ದನ್ನು ತೇಲಿಸಿ ಹೇಳುತ್ತಾರೆ. ಇಬ್ಬರದ್ದೂ ಪ್ರೀತಿಯೇ. ನನಗೆ ಮಾತ್ರ ಎರಡು ಕಡೆಯಿಂದಲೂ ದಾರಿ ತಪ್ಪುತ್ತದೆ.

ಹುಡುಗರು ನಿಧಾನ ಮಾತಾಡುವುದಕ್ಕೂ ಕಾರಣ ಇದೆ. ಅವರಿಗೆ ಆಗುತ್ತಿರುವುದಕ್ಕೆ ಸಿದ್ಧ ಮಾತುಗಳಿಲ್ಲ. ಡಿಗ್ರಿ ಓದುವ ಹುಡುಗಿಯೊಬ್ಬಳು "ನಾನು ಮಾತಾಡ್ತಿರುವಾಗ... ಒಂಥರಾ... ಬೇರೆ ಯಾರೋ ಮಾತಾಡ್ತಿದ್ದ ಹಾಗೆ, ನಾನು ಪಕ್ಕದಲ್ಲಿ ನಿಂತು ಕೇಳ್ತಿದ್ದ ಹಾಗೆ" ಎಂದು ಹೇಳಿ ಮುಗಿಸಲು ತುಂಬಾ ಹೊತ್ತು ತೆಗೆದುಕೊಂಡಳು. ನಡುವೆ ಅಮ್ಮ ಎರಡು ಸಲ ನುಗ್ಗಿದರು. ಜರ್ಮನಿಯ ಗೆರ್ಡ್ ಹ್ಯೂಬರ್ ಎಂಬ ಮನೋವೈದ್ಯರು ರೋಗಿಗಳು ಹೇಳುವ ಇಂಥ ಸಣ್ಣ ಸಣ್ಣ ಅನುಭವಗಳನ್ನೇ ದಶಕಗಳ ಕಾಲ ಕೇಳಿ ಬರೆದಿಟ್ಟರು. ಸಂಬಂಧವೇ ಇಲ್ಲದ ಯೋಚನೆಗಳು ನಡುವೆ ನುಗ್ಗುವುದು, ಎದುರಿನವರ ಮಾತು ಕಿವಿಗೆ ಬಿದ್ದರೂ ಅರ್ಥವಾಗಲು ತಡವಾಗುವುದು ಇತ್ಯಾದಿ. ಕಾಯಿಲೆ ಎದ್ದು ಕಾಣುವ ವರ್ಷಗಳ ಮೊದಲೇ ಕೆಲವರಲ್ಲಿ ಇವು ಇರುತ್ತವೆ. ಹಾಗಂತ ಮಗಳು "ನಾನು ನಾನಲ್ಲ ಅನ್ಸುತ್ತೆ" ಎಂದ ಕೂಡಲೇ ಓಡಿ ಬರಬೇಡಿ. ನಿದ್ದೆಗೆಟ್ಟವರಿಗೆ, ವಿಪರೀತ ಗಾಬರಿಯಾದವರಿಗೆ, ಗಾಂಜಾ ಸೇದಿದವರಿಗೂ ಹೀಗಾಗುತ್ತದೆ. ಆ ವಯಸ್ಸಿನಲ್ಲಿ ತಾನು ಯಾರು ಅಂತ ಕೇಳಿಕೊಳ್ಳದವರು ಯಾರಿದ್ದಾರೆ ಹೇಳಿ? ಅದಕ್ಕೇ ಒಂದೇ ಭೇಟಿಯಲ್ಲಿ ನಾನು ಏನನ್ನೂ ಘೋಷಿಸುವುದಿಲ್ಲ.

ಬೆಂಗಳೂರಿನ ಮಕ್ಕಳದ್ದು ಇನ್ನೊಂದು ಕಥೆ. ಮನೆಯಲ್ಲಿ ತೆಲುಗೋ ತುಳುವೋ, ಬೀದಿಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ನನ್ನ ಮುಂದೆ ಇಂಗ್ಲಿಷಲ್ಲಿ ಪಟಪಟ ಹೇಳುತ್ತಾರೆ: ಟ್ರಾಮಾ, ಆಂಕ್ಸೈಟಿ, ಓವರ್‌ಥಿಂಕಿಂಗ್. ರೀಲ್ಸ್ ನೋಡಿ ಕಲಿತದ್ದು. "ಇದನ್ನೇ ನಿನ್ನ ಅಜ್ಜಿಗೆ ಹೇಳೋದಾದ್ರೆ ಹೆಂಗೆ ಹೇಳ್ತೀಯಾ?" ಎಂದು ಕೇಳುತ್ತೇನೆ. ಆಗ ತಡವರಿಸುತ್ತಾರೆ. ತಡವರಿಸುತ್ತಲೇ ನಿಜವಾದ ವಿಷಯ ಬರುತ್ತದೆ. ಎರಡು ಭಾಷೆ ಬಲ್ಲವರಲ್ಲಿ ಯಾವ ಭಾಷೆಯಲ್ಲಿ ಲಕ್ಷಣ ಜಾಸ್ತಿ ಕಾಣುತ್ತದೆ ಎನ್ನುವ ಬಗ್ಗೆ ಸಂಶೋಧನೆಗಳು ಒಂದೇ ಮಾತು ಹೇಳುವುದಿಲ್ಲ. ಆದ್ದರಿಂದ ಎರಡರಲ್ಲೂ ಕೇಳುವುದು ಒಳ್ಳೆಯದು.

ದನಿ ಕೇಳಿಸುತ್ತದೆ ಎಂದರೂ ಅಷ್ಟೇ. ಯಾರ ದನಿ, ಏನು ಹೇಳುತ್ತದೆ ಎನ್ನುವುದನ್ನು ಅವನೇ ಹೇಳಬೇಕು. ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್‌ಮನ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ಸ್ಯಾನ್ ಮಟೇಯೊ, ಘಾನಾದ ಅಕ್ರಾ, ನಮ್ಮ ಚೆನ್ನೈ, ಮೂರೂ ಕಡೆ ತಲಾ 20 ರೋಗಿಗಳನ್ನು ಮಾತಾಡಿಸಿದರು. ಇವರೆಲ್ಲ ಕಾಯಿಲೆ ಪೂರ್ತಿ ಬಂದವರು. ಅಮೆರಿಕದವರಲ್ಲಿ ಹಿಂಸೆಯ ದನಿಗಳು ಹೆಚ್ಚು. ಚೆನ್ನೈನಲ್ಲಿ ಹಲವರಿಗೆ ಕೇಳಿಸುತ್ತಿದ್ದದ್ದು ಮನೆಯವರದ್ದೇ ದನಿ, ಮನೆಗೆಲಸ ಮಾಡು ಅಂತ ಹೇಳುವಂಥದ್ದು. ಬೈಗುಳವೂ ಇತ್ತು ಅನ್ನಿ. ನಮ್ಮ ಕಡೆಯ ಹುಡುಗನೊಬ್ಬ "ತಾತ ಕರೀತಾರೆ" ಎಂದರೆ ಅದನ್ನು "ವಾಯ್ಸಸ್ ಬರ್ತವಂತೆ" ಎಂದು ಮಾಡಿ ನನಗೆ ಕೊಡಬೇಡಿ. ತಾತ ಯಾವಾಗ ತೀರಿಕೊಂಡರು, ಕರೆದರೆ ಹೆದರಿಕೆಯಾಗುತ್ತದಾ, ಸಮಾಧಾನವಾಗುತ್ತದಾ? ನಾನು ಕೇಳಬೇಕಾದದ್ದು ಇವನ್ನೆಲ್ಲ.

ಈಗ ಕಂಪ್ಯೂಟರ್ ಕಂಡುಹಿಡಿಯುತ್ತದಂತಲ್ಲ ಎಂದು ಕೆಲವರು ಕೇಳುತ್ತಾರೆ. 2015ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಸೈಕೋಸಿಸ್ ಆಗಬಹುದಾದ ಅಪಾಯದ ಹಂತದ 34 ಯುವಜನರ ಮಾತನ್ನು ಕಂಪ್ಯೂಟರಿನಿಂದ ವಿಶ್ಲೇಷಿಸಿದರು. ಮುಂದೆ ಸೈಕೋಸಿಸ್ ಆದ 5 ಮಂದಿಯನ್ನೂ ಅದು ಸರಿಯಾಗಿ ಬೇರೆ ಮಾಡಿತ್ತು. ಒಂದು ವಾಕ್ಯಕ್ಕೂ ಮುಂದಿನದಕ್ಕೂ ನಂಟು ಎಷ್ಟಿದೆ, ವಾಕ್ಯ ಎಷ್ಟು ಉದ್ದವಿದೆ ಎಂಬಂಥದ್ದನ್ನು ಅದು ನೋಡಿತ್ತು. ಐದೇ ಜನರ ಮೇಲೆ ನಿಂತ ಲೆಕ್ಕ, ಇಂಗ್ಲಿಷ್ ಮಾತಿನದ್ದು. ಕನ್ನಡದ ಹುಡುಗನ ಮೇಲೆ ಅದನ್ನು ಹೇರುವ ಧೈರ್ಯ ನನಗಿಲ್ಲ. ಆ ಕಂಪ್ಯೂಟರಿಗೂ ಬೇಕಾಗಿದ್ದದ್ದು ಅವರವರದೇ ಮಾತು, ಅಪ್ಪಂದಿರ ವರದಿಯಲ್ಲ.

ಕೊನೆಗೆ ಎಲ್ಲರೂ ಕೇಳುವುದು: "ಹೆಸರು ಹೇಳಿ ಡಾಕ್ಟ್ರೇ. ಸ್ಕಿಜೋಫ್ರೇನಿಯಾನಾ?" ಸೈಕೋಸಿಸ್ ಕಾಣಿಸುವ ಗಂಭೀರ ಕಾಯಿಲೆಗಳಲ್ಲಿ ಅದೊಂದು. ಇಂಥ ಕ್ಲಿನಿಕ್‌ಗಳಲ್ಲಿ ಅಪಾಯದ ಹಂತ ಎಂದು ಗುರುತಿಸಿದವರಲ್ಲಿ ಮೂರು ವರ್ಷದೊಳಗೆ ಸೈಕೋಸಿಸ್ ಆಗುವವರು ಸುಮಾರು ನಾಲ್ಕರಲ್ಲಿ ಒಬ್ಬರು. ಉಳಿದವರೆಲ್ಲ ಆರಾಮ ಅಂತಲ್ಲ, ಖಿನ್ನತೆ, ಆತಂಕ ಅವರಲ್ಲೂ ಇರಬಹುದು. ಆದರೂ ಇನ್ನೂ ಬಾರದ ಕಾಯಿಲೆಯ ಹೆಸರು ಹಚ್ಚಿದರೆ ಅದು ಹಾಗೇ ಅಂಟಿಕೊಳ್ಳುತ್ತದೆ. ಮೂರನೇ ಸೆಮಿಸ್ಟರಿನ ಹುಡುಗನೊಬ್ಬ ಒಳಗೆ ಬಂದವನೇ "ನಾನು ಹೈ ರಿಸ್ಕ್ ಕೇಸ್ ಮೇಡಂ" ಎಂದ. ಹೆಸರು, ಊರು ಆಮೇಲೆ. ಅವನಿಗೆ ಯಾರೋ ಹಾಗೆ ಹೇಳಿ ಕಳಿಸಿದ್ದರು. ಕ್ಯಾರಂನಲ್ಲಿ ಕಾಲೇಜಿಗೇ ಮೊದಲು ಅಂತ ಗೊತ್ತಾಗಲು ನನಗೆ ಮೂರು ಭೇಟಿ ಬೇಕಾಯಿತು!

ಚಿಕಿತ್ಸೆ ಬಗ್ಗೆ ಚುಟುಕಾಗಿ. ಬರೀ ಅಪಾಯ ಕಡಿಮೆ ಮಾಡಲಿಕ್ಕೆಂದು ಸೈಕೋಸಿಸ್ ಮಾತ್ರೆ ಕೊಡಬೇಡಿ ಎನ್ನುತ್ತದೆ ಬ್ರಿಟನ್ನಿನ 2014ರ ಮಾರ್ಗಸೂಚಿ. ನಾನೂ ಬಹುಪಾಲು ಹಾಗೇ ನಡೆಯುತ್ತೇನೆ. ಮಾತಿನ ಚಿಕಿತ್ಸೆ, ನಿದ್ದೆ, ಗಾಂಜಾ ಬಿಡಿಸುವುದು, ಆತಂಕಕ್ಕೆ ಔಷಧಿ, ತಪ್ಪದೆ ಭೇಟಿ. ಆದರೆ ಸಾಯುವ ಮಾತಾಡಿದರೆ, ಊಟ ಬಿಟ್ಟರೆ, ರಾತ್ರಿಗಟ್ಟಲೆ ನಿದ್ದೆಯೇ ಇಲ್ಲದಿದ್ದರೆ, ಯಾರಿಗಾದರೂ ಏನಾದರೂ ಮಾಡು ಎಂದು ದನಿ ಹೇಳುತ್ತಿದ್ದರೆ ಕಾಯಬೇಡಿ. ಅವತ್ತೇ ಹತ್ತಿರದ ಆಸ್ಪತ್ರೆಗೆ ಬನ್ನಿ. ಯಾರನ್ನು ಕೇಳಬೇಕೋ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಉಳಿದಂತೆ, ಬರುವಾಗ ಒಂದು ನೋಟ್‌ಬುಕ್ ತನ್ನಿ. ಅವನು ಮನೆಯಲ್ಲಿ ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ. ಬರೆಯುವುದು ಅವನಿಗೂ ಗೊತ್ತಿರಲಿ. ತಿದ್ದಬೇಡಿ, ಅರ್ಥ ಹಚ್ಚಬೇಡಿ. ಮೊದಲ ಅರ್ಧ ಗಂಟೆ ಅವನು ಒಬ್ಬನೇ ನನ್ನ ಜೊತೆ, ಅವನಿಗೆ ಒಪ್ಪಿಗೆ ಇದ್ದರೆ. ಆಮೇಲೆ ನಿಮ್ಮ ಮಾತು ಪೂರ್ತಿ ಕೇಳುತ್ತೇನೆ, ಅದೂ ನನಗೆ ಬೇಕು. 18 ತುಂಬಿದವರ ಗುಟ್ಟು ಕಾಯುವುದು ಕಾನೂನಿನ ಪ್ರಕಾರವೂ ನನ್ನ ಕೆಲಸ. ಪ್ರಾಣಕ್ಕೆ ಅಪಾಯವಿದ್ದರೆ ಮಾತ್ರ ಮುಚ್ಚಿಡುವುದಿಲ್ಲ. ಹೊರಗೆ ಕಾಯುವಾಗ ದಯವಿಟ್ಟು ಕುರ್ಚಿಯನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಳ್ಳಬೇಡಿ. ಬಾಗಿಲ ಕೆಳಗಿನ ಸಂದಿಯಲ್ಲಿ ನಿಮ್ಮ ಚಪ್ಪಲಿ ಕಾಣುತ್ತದೆ, ಹುಡುಗ ಮಾತು ನಿಲ್ಲಿಸಿಬಿಡುತ್ತಾನೆ.