600 ಓಮ್ ಕಾರ್ಡಿಗೆ 32 ಓಮ್ ಹೆಡ್‌ಫೋನ್ ಸಿಕ್ಕಿಸಿದರೆ

ಜರ್ಮನಿಯ ಬೆಯರ್‌ಡೈನಾಮಿಕ್ ಕಂಪನಿಯ ಡಿಟಿ 990 ಎಡಿಷನ್ ಹೆಡ್‌ಫೋನ್ ಮೂರು ಬಗೆಯಲ್ಲಿ ಬಂದಿದೆ: 32 ಓಮ್, 250 ಓಮ್, 600 ಓಮ್. ಓಮ್ ಅಂದರೆ ವಿದ್ಯುತ್ ಹರಿವಿಗೆ ಒಡ್ಡುವ ತಡೆಯ ಅಳತೆ. ಹೊರಗಿಂದ ನೋಡಿದರೆ ಮೂರಕ್ಕೂ ಹೆಚ್ಚೇನೂ ವ್ಯತ್ಯಾಸವಿಲ್ಲ. ಸುಡದೆ ತಾಳಬಲ್ಲ ವಿದ್ಯುತ್ತಿನ ಮಿತಿಯೂ ಒಂದೇ, 100 ಮಿಲಿವ್ಯಾಟ್. ಈಗ 5 ವೋಲ್ಟ್ ಕೊಡಬಲ್ಲ ಒಂದು ಸೌಂಡ್ ಕಾರ್ಡ್‌ಗೆ (ಕಂಪ್ಯೂಟರಿನಿಂದ ಸದ್ದು ಹೊರಡಿಸುವ ಭಾಗ) ಇವನ್ನು ಒಂದೊಂದಾಗಿ ಸಿಕ್ಕಿಸಿ, ವಾಲ್ಯೂಮ್ ಪೂರ್ತಿ ಏರಿಸಿದಿರಿ ಅಂದುಕೊಳ್ಳಿ. ವೋಲ್ಟನ್ನು ಅದರಿಂದಲೇ ಗುಣಿಸಿ ಓಮ್‌ನಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. ಕಾರ್ಡಿನ ಒಳಗಿನ ತಡೆಯನ್ನು ಸದ್ಯಕ್ಕೆ ಬಿಟ್ಟುಬಿಡೋಣ. 600 ಓಮ್‌ನದಕ್ಕೆ ಹೋಗುವುದು ಸುಮಾರು 42 ಮಿಲಿವ್ಯಾಟ್. ಅದಕ್ಕೆ ಏನೂ ಆಗುವುದಿಲ್ಲ. 32 ಓಮ್‌ನದಕ್ಕೆ ಹೋಗುವುದು 780 ಮಿಲಿವ್ಯಾಟ್. ಮಿತಿಯ ಹೆಚ್ಚೂಕಡಿಮೆ ಎಂಟು ಪಟ್ಟು.

ಒಳ್ಳೆಯ ಕಾರ್ಡುಗಳ ಪೆಟ್ಟಿಗೆ ಮೇಲೆ 600 ಓಮ್‌ವರೆಗಿನ ಹೆಡ್‌ಫೋನ್ ಓಡಿಸುತ್ತದೆ ಅಂತ ದೊಡ್ಡದಾಗಿ ಬರೆದಿರುತ್ತಾರೆ. 600 ಓಡಿಸುವುದಾದರೆ 32 ಇನ್ನೂ ಸಲೀಸು, ಅಲ್ವಾ? ಹೌದು, ಸಲೀಸು. ಅತಿಯಾಗಿ ಸಲೀಸು. ಅಪಾಯ ಇರುವುದೇ ಅಲ್ಲಿ. 600 ಓಮ್‌ಗೆ ಅಂತ ಕಟ್ಟಿದ ಆಂಪ್ಲಿಫೈಯರ್ ಜಾಸ್ತಿ ವೋಲ್ಟೇಜ್ ಕೊಡಲೇಬೇಕು. ಅಷ್ಟೇ ವೋಲ್ಟೇಜ್ ಕಡಿಮೆ ಓಮ್‌ನ ಕಾಯಿಲ್‌ಗೆ (ಹೆಡ್‌ಫೋನ್ ಒಳಗೆ ಸದ್ದು ಹುಟ್ಟಿಸುವ ತಂತಿಸುರುಳಿ) ಸಿಕ್ಕರೆ ಕರೆಂಟ್ ನುಗ್ಗುತ್ತದೆ.

ಅಷ್ಟೊಂದು ಓಮ್ ಯಾಕೆ ಬೇಕು ಅಂದರೆ, ಅದು ಸ್ಟುಡಿಯೋಗಳ ಅಗತ್ಯ. ಅಲ್ಲಿ ಒಂದೇ ಆಂಪ್ಲಿಫೈಯರ್‌ಗೆ ಎಷ್ಟೋ ಹೆಡ್‌ಫೋನ್‌ಗಳನ್ನು ಸಮಾನಾಂತರವಾಗಿ ಜೋಡಿಸುವುದುಂಟು. 600 ಓಮ್‌ನ ಹತ್ತು ಸೇರಿದರೆ 60 ಓಮ್. ಆಂಪ್ಲಿಫೈಯರ್ ಉಸಿರಾಡಬಲ್ಲದು. 32 ಓಮ್‌ನ ಹತ್ತು ಸೇರಿದರೆ ಬರೀ 3.2 ಓಮ್. ಓಮ್ ಏರಿಸಲು ಕಾಯಿಲ್‌ಗೆ ಇನ್ನೂ ತೆಳ್ಳನೆಯ ತಂತಿಯನ್ನು ಇನ್ನೂ ಜಾಸ್ತಿ ಸುತ್ತು ಸುತ್ತುತ್ತಾರೆ. ಮನೆಯಲ್ಲಿ ಕೂತು ಒಬ್ಬರೇ ಹಾಡು ಕೇಳುವವರಿಗೆ ಇದರಿಂದ ದೊಡ್ಡ ಲಾಭ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಓಮ್ ಒಂದನ್ನೇ ನೋಡಿದರೆ ಅರ್ಧ ವಿಷಯ ಮಾತ್ರ ಗೊತ್ತಾಗುತ್ತದೆ. ಇನ್ನರ್ಧ ಇರುವುದು ಸೆನ್ಸಿಟಿವಿಟಿಯಲ್ಲಿ. ಎಷ್ಟು ವಿದ್ಯುತ್ ಕೊಟ್ಟರೆ ಎಷ್ಟು ಸದ್ದು ಬರುತ್ತದೆ ಅನ್ನುವ ಲೆಕ್ಕ ಅದು. ಇಲ್ಲಿ ಒಂದು ಬಲೆ ಇದೆ, ಸ್ವಲ್ಪ ನಿಧಾನವಾಗಿ ನೋಡೋಣ. ಡಿಟಿ 990ರ ವಿವರಗಳ ಕಾಗದದಲ್ಲಿ 96 ಡೆಸಿಬೆಲ್ ಅಂತಿದೆ. ಸೆನ್‌ಹೈಸರ್ ಕಂಪನಿಯ ಎಚ್‌ಡಿ 600 ಅನ್ನುವ ಹೆಡ್‌ಫೋನಿನ ಕಾಗದದಲ್ಲಿ 97 ಡೆಸಿಬೆಲ್ ಅಂತಿದೆ. ಎರಡೂ ಒಂದೇ ಅಂತ ಅನಿಸುತ್ತದೆ. ಆದರೆ ಮೊದಲನೆಯದು 1 ಮಿಲಿವ್ಯಾಟ್‌ಗೆ, ಎರಡನೆಯದು 1 ವೋಲ್ಟ್‌ಗೆ. 32 ಓಮ್‌ನ ಡಿಟಿ 990ಗೆ 1 ವೋಲ್ಟ್ ಕೊಟ್ಟರೆ 31 ಮಿಲಿವ್ಯಾಟ್ ಹೋಗುತ್ತದೆ, ಸದ್ದು 111 ಡೆಸಿಬೆಲ್ ಮುಟ್ಟುತ್ತದೆ. ವಾಲ್ಯೂಮ್ ಅದೇ ಜಾಗದಲ್ಲಿದ್ದರೂ ಎರಡರ ನಡುವೆ 14 ಡೆಸಿಬೆಲ್ ಅಂತರ. ಕಿವಿಯೊಳಗೆ ತೂರಿಸುವ ಸಣ್ಣ ಇಯರ್‌ಫೋನ್‌ಗಳದ್ದು ಇನ್ನೂ ತೀಕ್ಷ್ಣ. 16 ಓಮ್, 1 ಮಿಲಿವ್ಯಾಟ್‌ಗೆ 105 ಡೆಸಿಬೆಲ್ ಅಂತ ಬರೆದಿದ್ದರೆ, ಅದೇ 1 ವೋಲ್ಟ್‌ಗೆ ಅದು 123 ಡೆಸಿಬೆಲ್ ಕೊಡುತ್ತದೆ. ಸಾಧಾರಣ ಲ್ಯಾಪ್‌ಟಾಪ್ ಜ್ಯಾಕ್ ಕೂಡ ಸುಮಾರು 1 ವೋಲ್ಟ್ ಕೊಡಬಲ್ಲದು.

ಹಾಗಾಗಿ ಕಾಗದದಲ್ಲಿ ಮಿಲಿವ್ಯಾಟ್‌ಗೆ ಅಂತಿದ್ದರೆ ಅದನ್ನು ವೋಲ್ಟ್‌ಗೆ ಬದಲಿಸಿಕೊಳ್ಳಿ. 16 ಓಮ್‌ಗೆ 18 ಕೂಡಿಸಿ, 32ಕ್ಕೆ 15, 250ಕ್ಕೆ 6, 600ಕ್ಕೆ 2. ಆಮೇಲೆ ಎಲ್ಲ ಹೆಡ್‌ಫೋನ್‌ಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಹೋಲಿಸಬಹುದು. ಅಂಗಡಿಯವರು ಓಮ್ ಮಾತ್ರ ಹೇಳಿದರೆ ಸೆನ್ಸಿಟಿವಿಟಿಯನ್ನೂ ಕೇಳಿ.

ಹೆಡ್‌ಫೋನ್ ಸುಟ್ಟುಹೋದೀತು ಅಂತ ಜನ ಹೆದರುತ್ತಾರೆ. ನನಗೆ ಹೆಚ್ಚು ಚಿಂತೆ ಕಿವಿಯದು. ಕಾಯಿಲ್ ಹಾಳಾಗುವ ಹೊತ್ತಿಗೆ ಕಿವಿ ಯಾವತ್ತೋ ಪೆಟ್ಟು ತಿಂದಿರುತ್ತದೆ. ಕಾಯಿಲ್ ಹೋದರೆ ಬೇರೆ ತರಬಹುದು. ಒಳಗಿವಿಯ ರೋಮಕೋಶಗಳು ಸತ್ತರೆ ಮತ್ತೆ ಬೆಳೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಸಮಯ ಅರ್ಧಕ್ಕರ್ಧ ಇಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ, ಹೀಗೆ.

ಈ ಲೆಕ್ಕವನ್ನು ಒಂದು ನಿಜವಾದ ಕಾರ್ಡಿನ ಮೇಲೆ ಇಟ್ಟು ನೋಡಿ. ಏಸಸ್ ಕಂಪನಿಯ ಜೋನಾರ್ ಎಸೆನ್ಸ್ ಎಸ್‌ಟಿಎಕ್ಸ್ ಹೆಡ್‌ಫೋನ್ ಪ್ರಿಯರಲ್ಲಿ ಹೆಸರು ಮಾಡಿದ ಕಾರ್ಡ್. ಅದರ ಸಾಫ್ಟ್‌ವೇರ್‌ನಲ್ಲಿ ಗೇನ್‌ಗೆ, ಅಂದರೆ ಆಂಪ್ಲಿಫೈಯರ್ ಸಿಗ್ನಲನ್ನು ಎಷ್ಟು ಹಿಗ್ಗಿಸಬೇಕು ಅನ್ನುವುದಕ್ಕೆ, ಮೂರು ಹಂತ ಇವೆ: 64 ಓಮ್‌ಗಿಂತ ಕಡಿಮೆ, 64ರಿಂದ 300, 300ರಿಂದ 600. ಮೊದಲ ಹಂತಕ್ಕೂ ಕೊನೆಯದಕ್ಕೂ 18 ಡೆಸಿಬೆಲ್ ವ್ಯತ್ಯಾಸ. ನೀವು 80 ಡೆಸಿಬೆಲ್‌ನಲ್ಲಿ ಹಾಯಾಗಿ ಕೇಳುತ್ತಿದ್ದೀರಿ. ಯಾರೋ ಬಂದು ವಾಲ್ಯೂಮ್ ಮುಟ್ಟದೆ ಗೇನನ್ನು ಮಾತ್ರ ಕೊನೆಯ ಹಂತಕ್ಕೆ ಏರಿಸಿದರು. ಸದ್ದು 98 ಆಯಿತು. ವಾರಕ್ಕೆ 40 ಗಂಟೆ ಇದ್ದದ್ದು 37 ನಿಮಿಷಕ್ಕೆ ಬಂತು. ಒಂದೇ ಕ್ಲಿಕ್‌ಗೆ.

ಗೇನನ್ನು ಕೆಳಗಿನ ಹಂತದಿಂದಲೇ ಶುರು ಮಾಡಬೇಕು ಅನ್ನುವುದು ಇದಕ್ಕೇ. ವಾಲ್ಯೂಮ್ ಮುಕ್ಕಾಲು ಭಾಗ ಏರಿಸಿದರೂ ಸದ್ದು ಸಾಲುತ್ತಿಲ್ಲ ಅಂದರೆ ಮಾತ್ರ ಮುಂದಿನ ಹಂತ. ಅದಕ್ಕೂ ಮೊದಲು ವಾಲ್ಯೂಮನ್ನು ಸೊನ್ನೆಗೆ ತನ್ನಿ. ಕಾರ್ಡನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್ ಹೊಸದಾಗಿ ಹಾಕಿದಾಗ ವಾಲ್ಯೂಮ್, ಗೇನ್ ಎರಡೂ ತಮ್ಮಷ್ಟಕ್ಕೆ ಬದಲಾಗಿರಬಹುದು. ಆ ದಿನ ಹೆಡ್‌ಫೋನನ್ನು ಮೊದಲು ಮೇಜಿನ ಮೇಲಿಟ್ಟು ಸದ್ದು ಪರೀಕ್ಷಿಸಿ, ಆಮೇಲೆ ತಲೆಗೆ ಹಾಕಿಕೊಳ್ಳಿ. ಹಾಗಂತ 600 ಓಮ್‌ನವರು ಕೆಳಗಿನ ಹಂತದಲ್ಲೇ ಒದ್ದಾಡಬೇಕಿಲ್ಲ. ಸಂಗೀತದಲ್ಲಿ ತಟ್ಟನೆ ಏಳುವ ಏಟುಗಳು ಸರಾಸರಿಗಿಂತ 20 ಡೆಸಿಬೆಲ್ ಮೇಲಿರಬಹುದು. ಅವಕ್ಕೆ ವೋಲ್ಟೇಜ್ ಸಾಲದಿದ್ದರೆ ಸದ್ದು ಒಡೆಯುತ್ತದೆ.

ಮೊದಲು ಪಕ್ಕಕ್ಕಿಟ್ಟ ಒಳತಡೆಗೆ ಈಗ ಬರೋಣ. ಆಂಪ್ಲಿಫೈಯರ್‌ಗೂ ತನ್ನದೇ ಆದ ಒಂದಿಷ್ಟು ಓಮ್ ಇರುತ್ತದೆ, ಔಟ್‌ಪುಟ್ ಇಂಪೀಡೆನ್ಸ್ ಅನ್ನುತ್ತಾರೆ. ಇದರಿಂದ ಹೆಡ್‌ಫೋನ್ ಕೆಡುವುದಿಲ್ಲ, ಆದರೆ ಹಾಡಿನ ಬಣ್ಣ ಬದಲಾಗುತ್ತದೆ. 32 ಓಮ್ ಅಂತ ಬರೆದ ಹೆಡ್‌ಫೋನ್ ಎಲ್ಲ ಸ್ವರಕ್ಕೂ 32 ಇರುವುದಿಲ್ಲ. ಕೆಳಗಿನ ಬೇಸ್‌ನಲ್ಲಿ ಅದು 64ಕ್ಕೆ ಏರುತ್ತದೆ ಅಂದುಕೊಳ್ಳಿ. ಕಾರ್ಡಿನ ಒಳತಡೆ 100 ಓಮ್ ಇದ್ದರೆ ಬೇಸ್ 4 ಡೆಸಿಬೆಲ್ ಉಬ್ಬುತ್ತದೆ. 10 ಓಮ್ ಇದ್ದರೆ 1 ಡೆಸಿಬೆಲ್ ಮಾತ್ರ. ಒಳತಡೆಯ ಎಂಟು ಪಟ್ಟಾದರೂ ಹೆಡ್‌ಫೋನಿನ ಓಮ್ ಇರಲಿ ಅನ್ನುವ ರೂಢಿ ಇಲ್ಲಿಂದ ಬಂದದ್ದು. ಎಸ್‌ಟಿಎಕ್ಸ್‌ನ ಒಳತಡೆ ಸುಮಾರು 10 ಓಮ್. ಅಂದರೆ ಆ ಕಾರ್ಡಿಗೆ 80 ಓಮ್ ಮತ್ತು ಅದಕ್ಕಿಂತ ಮೇಲಿನವು ಚೆನ್ನಾಗಿ ಒಗ್ಗುತ್ತವೆ.

ಸ್ಪೀಕರ್‌ಗೆ ಅಂತ ಇರುವ ಹಸಿರು ಲೈನ್ ಔಟ್ ಜ್ಯಾಕ್‌ಗೆ ಹೆಡ್‌ಫೋನ್ ಹಾಕಿದಾಗ ಬೇಸ್ ಸೊರಗಿದಂತೆ ಕೇಳಿಸಿದರೆ, ದಾರಿಯಲ್ಲಿ ಕೆಳಗಿನ ಸ್ವರಗಳನ್ನು ತಡೆಯುವ ಒಂದು ಕೆಪಾಸಿಟರ್ ಇರಬಹುದು. 100 ಮೈಕ್ರೊಫ್ಯಾರಡ್‌ನ ಕೆಪಾಸಿಟರ್, 32 ಓಮ್ ಹೆಡ್‌ಫೋನ್ ಸೇರಿದರೆ 50 ಹರ್ಟ್ಸ್‌ನ ಕೆಳಗಿನದು ಕರಗುತ್ತಾ ಹೋಗುತ್ತದೆ. ಆ ಜ್ಯಾಕ್ ಹತ್ತು ಸಾವಿರ ಓಮ್‌ನಂಥ ಹಗುರ ಹೊರೆಗೆ ಮಾಡಿದ್ದು.

ಪ್ಲಗ್ ವಿಷಯಕ್ಕೆ ಬಂದರೆ, ಹಾಡು ಓಡುತ್ತಿರುವಾಗ ಸಿಕ್ಕಿಸುವುದು, ಕೀಳುವುದು ಬೇಡ. ಪ್ಲಗ್ ಜಾರುತ್ತಾ ಒಳಗೆ ಹೋಗುವಾಗ ಅದರ ಉಂಗುರಗಳು ಬೇರೆ ಬೇರೆ ಸಂಪರ್ಕಗಳನ್ನು ದಾಟುತ್ತವೆ, ಕ್ಷಣಕಾಲ ಔಟ್‌ಪುಟ್ ಶಾರ್ಟ್ ಆಗುತ್ತದೆ. ಅದಕ್ಕಿಂತ ಗಂಭೀರವಾದದ್ದು 4.4 ಮಿಲಿಮೀಟರ್‌ನ ಬ್ಯಾಲೆನ್ಸ್ಡ್ ಜ್ಯಾಕ್, ಅಂದರೆ ಎಡ ಬಲ ಕಿವಿಗಳಿಗೆ ಬೇರೆ ಬೇರೆ ಜೋಡಿ ತಂತಿ ಕೊಡುವ ಜ್ಯಾಕ್. ಅದರಿಂದ ಮಾಮೂಲಿ 3.5 ಮಿಲಿಮೀಟರ್ ಹೆಡ್‌ಫೋನ್‌ಗೆ ಸುಮ್ನೆ ಒಂದು ಅಡಾಪ್ಟರ್ ಹಾಕಿದರೆ, ಎಡ ಬಲ ಎರಡೂ ಆಂಪ್ಲಿಫೈಯರ್‌ಗಳ ಮೈನಸ್ ತುದಿಗಳು ಒಂದಕ್ಕೊಂದು ತಾಗಿಬಿಡುತ್ತವೆ. ಅವು ನೆಲಕ್ಕೆ ಕಟ್ಟಿದ ತಂತಿಗಳಲ್ಲ, ಅವುಗಳಲ್ಲೂ ಸಿಗ್ನಲ್ ಹರಿಯುತ್ತಿರುತ್ತದೆ. ಹಾಗಾಗಿ ಕೆಡುವುದು ಆಂಪ್ಲಿಫೈಯರೇ. ಆ ಜ್ಯಾಕ್ ಬಳಸಬೇಕಿದ್ದರೆ ಪ್ರತಿ ಕಿವಿಗೂ ಎರಡು ಬೇರೆ ಬೇರೆ ತಂತಿ ಇರುವ ಹೆಡ್‌ಫೋನೇ ಆಗಬೇಕು.