ಮಿಷಿನ್ ಕೆಟ್ಟಿಲ್ಲ ಯಜಮಾನ್ರೇ, ಕಂಬ ನೆಟ್ಟಿರೋ ಜಾಗ ನೋಡಿ

ಡಿಸೆಂಬರ್ ಬಂತು ಅಂದ್ರೆ ಬೆಳಗ್ಗೆ ಆರಕ್ಕೇ ನನ್ನ ಫೋನ್ ಶುರು. "ಸಾರ್, ನಿಮ್ ಮಿಷಿನ್ನು 16 ಡಿಗ್ರಿ ತೋರಿಸ್ತಾ ಐತೆ, ಮೊಬೈಲಲ್ಲಿ 13 ಅಂತೈತೆ, ಪಕ್ಕದೂರಿನ ತೋಟದಾಗೆ 12 ಅಂತೆ, ಸೆನ್ಸರ್ ಬದಲಾಯಿಸಿಕೊಡಿ." ಹದಿನೈದು ವರ್ಷದಿಂದ ದ್ರಾಕ್ಷಿ ತೋಟ, ಪಾಲಿಹೌಸು, ಕಾಫಿ ಎಸ್ಟೇಟು ಅಂತ ಹವಾಮಾನ ಕೇಂದ್ರ ಕೂರಿಸ್ತಾ ಇದೀನಿ, ಇಂಥ ಫೋನ್ ಬಂದಾಗ ಹೋಗಿ ನೋಡಿದ್ರೆ ಸೆನ್ಸರ್ ಕೆಟ್ಟಿರೋದು ಬಹಳ ಕಮ್ಮಿ. ಮೊಬೈಲಲ್ಲಿ ಬರೋದಂತೂ ನಿಮ್ಮ ತೋಟದಲ್ಲಿ ಅಳೆದ ನಂಬರೇ ಅಲ್ಲ, ಕೆಲವು ಕಿಲೋಮೀಟರ್ ಅಗಲದ ಜಾಗಕ್ಕೆ ಕಂಪ್ಯೂಟರ್ ಹಾಕಿದ ಅಂದಾಜು, ಅದನ್ನ ಪಕ್ಕಕ್ಕಿಡಿ.

ನಾನು ಬಯಲಲ್ಲಿ ಕಂಬ ನೆಟ್ಟು ಬಂದಿರ್ತೀನಿ. ಆಮೇಲೆ ದನ ಉಜ್ಜುತ್ತೆ, ಕಳ್ಳರ ಕಾಟ, ವೈಫೈ ಸಿಗಲ್ಲ ಅಂತ ಅದನ್ನ ಕಿತ್ತು ಪಂಪ್‌ಹೌಸ್ ಗೋಡೆಗೋ ಮನೆ ತಾರಸಿಗೋ ಹಾಕಿರ್ತಾರೆ. ಸಾಲ ಮಾಡಿ ತಂದ ಮಿಷಿನ್ನು, ಕಾಪಾಡ್ಕೋಬೇಕು ಅನ್ನೋದು ನನಗೂ ಅರ್ಥ ಆಗುತ್ತೆ. ಆದ್ರೆ ರಾತ್ರಿಯ ಕನಿಷ್ಠ ತಾಪಮಾನ ಅಲ್ಲೇ ಹಾಳಾಯ್ತು.

ಹಗಲು ಬಿಸಿಲಿಗೆ ನೆಲ ಕಾದು ಗಾಳಿ ಮೇಲೆ ಕೆಳಗೆ ಕಲಸ್ತಾ ಇರುತ್ತೆ, ಹಾಗಾಗಿ ಸೆನ್ಸರ್‌ಗೆ ಸರಿಯಾದ ನೆರಳಿನ ಗೂಡು ಇದ್ರೆ ಐವತ್ತು ಮೀಟರ್ ಆಕಡೆ ಈಕಡೆ ಅಷ್ಟೇನೂ ವ್ಯತ್ಯಾಸ ಬರಲ್ಲ. ರಾತ್ರಿ ಕಥೆ ಬೇರೆ. ನೆಲ ತನ್ನ ಶಾಖನ ಆಕಾಶಕ್ಕೆ ಬಿಡ್ತಾ ತಣ್ಣಗಾಗುತ್ತೆ, ಅದಕ್ಕೆ ತಾಗಿರೋ ಗಾಳಿನೂ ತಣ್ಣಗಾಗುತ್ತೆ, ತಣ್ಣನೆ ಗಾಳಿ ಭಾರ, ಅಲ್ಲೇ ಕೂತ್ಕೊಳ್ಳುತ್ತೆ. ಮೋಡ ಇಲ್ಲದೆ, ಎಲೆ ಅಲ್ಲಾಡದ ರಾತ್ರೀಲಿ ನೆಲದ ಹತ್ತಿರ ಕೊರೆಯೋ ಚಳಿ ಇದ್ರೆ ತಾರಸಿ ಎತ್ತರದಲ್ಲಿ ಬೆಚ್ಚಗಿರುತ್ತೆ, ಸಾಲದ್ದಕ್ಕೆ ಹಗಲೆಲ್ಲಾ ಕಾದ ಆರ್‌ಸಿಸಿ ಬೆಳಗಿನ ಜಾವದವರೆಗೂ ಶಾಖ ಬಿಡ್ತಾನೇ ಇರುತ್ತೆ.

ಈ ಆಕಾಶದ ವಿಷಯ ಒಂದು, ಎಷ್ಟು ಸಲ ಹೇಳಿದ್ರೂ ಜನ ಹೂಂ ಅಂದು ಮರೆತುಬಿಡ್ತಾರೆ, ಅದಕ್ಕೇ ನಿಧಾನವಾಗಿ ಹೇಳ್ತೀನಿ. ಅಂಗಳದಲ್ಲಿ ಬಯಲಿಗೆ ನಿಲ್ಲಿಸಿದ ಬೈಕಿನ ಸೀಟು ಬೆಳಗ್ಗೆ ಇಬ್ಬನಿಗೆ ಒದ್ದೆಮುದ್ದೆ. ಅಲ್ಲೇ ಹತ್ತಡಿ ದೂರ, ಹುಣಸೆಮರದ ಕೆಳಗೋ ಶೀಟಿನ ಕೆಳಗೋ ನಿಲ್ಲಿಸಿದ ಬೈಕಿನ ಸೀಟು ಒಣಗಿರುತ್ತೆ. ಗಾಳಿ ಒಂದೇ, ರಾತ್ರಿ ಒಂದೇ. ಒಂದು ಸೀಟು ಪೂರ್ತಿ ಆಕಾಶ ನೋಡ್ತಾ ಶಾಖ ಕಳ್ಕೊಂಡಿದೆ, ಇನ್ನೊಂದಕ್ಕೆ ಮೇಲಿನ ಮರ ವಾಪಸ್ ಶಾಖ ಕೊಟ್ಟಿದೆ. ನಿಮ್ಮ ಸೆನ್ಸರ್ ಸುತ್ತಲಿನ ನೆಲಕ್ಕೂ ಇದೇ ಲೆಕ್ಕ. ಗೋಡೆ ಪಕ್ಕ ಹಾಕಿದ್ರೆ ಅರ್ಧ ಆಕಾಶ ಮುಚ್ಚಿದ ಹಾಗೆ, ಆ ಅರ್ಧದ ಜಾಗದಲ್ಲಿ ಬೆಚ್ಚಗಿರೋ ಗೋಡೆ ಇಟ್ಟ ಹಾಗೆ.

ವಿಶ್ವ ಹವಾಮಾನ ಸಂಸ್ಥೆಯ ನಿಯಮದಲ್ಲಿ ಒಂದನೇ ದರ್ಜೆ ಜಾಗ ಅಂದ್ರೆ ಕಟ್ಟಡ, ಕಾಂಕ್ರೀಟು, ಕೆರೆ ಇವೆಲ್ಲಾ 100 ಮೀಟರ್ ದೂರ ಇರಬೇಕು, ಎರಡನೇ ದರ್ಜೆಗೆ 30, ಮೂರನೇದಕ್ಕೆ 10. ಸೆನ್ಸರ್ ಎತ್ತರ ನೆಲದಿಂದ 1.25ರಿಂದ 2 ಮೀಟರ್. ಕೊನೆಯದಾದ ಐದನೇ ದರ್ಜೆ ಜಾಗದಲ್ಲಿ ಸುತ್ತಮುತ್ತಲಿನ ಕಾರಣಕ್ಕೇ 5 ಡಿಗ್ರಿವರೆಗೂ ಹೆಚ್ಚುಕಮ್ಮಿ ಆಗಬಹುದು ಅಂತ ಅವರೇ ಬರೆದಿದ್ದಾರೆ. ನಮ್ಮ ಸಣ್ಣ ಹಿಡುವಳಿಗಳಲ್ಲಿ 100 ಮೀಟರ್ ಎಲ್ಲಿಂದ ತರೋದು, 30 ಸಿಕ್ಕಿದ್ರೆ ನನಗೆ ಖುಷಿ.

ಊಟೀಲಿ ಹುಲ್ಲಿನ ಮೇಲೆ ಬಿಳೀ ಹಿಮ ಕೂತಿರುವಾಗಲೂ ಹವಾಮಾನ ಕೇಂದ್ರದ ಪೆಟ್ಟಿಗೆಯೊಳಗಿನ ಥರ್ಮಾಮೀಟರು ಸೊನ್ನೆಗಿಂತ ಮೇಲೆ ಇರೋದುಂಟು, ಎರಡೂ ನಿಜ, ಹುಲ್ಲಿರೋದು ನೆಲದಲ್ಲಿ, ಪೆಟ್ಟಿಗೆ ಇರೋದು ನಾಲ್ಕಡಿ ಮೇಲೆ. ಬೆಂಗಳೂರಿನ ಚಳಿಯ ದಾಖಲೆ 1884ರ ಜನವರಿ 13ರಂದು 7.8 ಡಿಗ್ರಿ. ಈಗ ಯಾರಾದ್ರೂ "ಬೆಂಗಳೂರಲ್ಲಿ ಇವತ್ತು ಎಷ್ಟು" ಅಂದ್ರೆ ಯಾವ ಬೆಂಗಳೂರು ಅಂತ ಕೇಳ್ತೀನಿ, ಊರ ನಡುವೆ ಇರೋ ವೀಕ್ಷಣಾಲಯಕ್ಕೂ ದೇವನಹಳ್ಳಿ ಏರ್‌ಪೋರ್ಟಿನ ಬಯಲಿಗೂ ಒಂದೇ ಬೆಳಗ್ಗೆ ಬೇರೆ ಬೇರೆ ನಂಬರ್ ಬರುತ್ತೆ.

ಹಾಗಂತ ಸೆನ್ಸರ್ ಕೆಡೋದೇ ಇಲ್ಲ ಅಂತ ನಾನು ಹೇಳಲ್ಲ. ಪರೀಕ್ಷೆ ಸುಲಭ, ಒಂದು ಒಳ್ಳೆ ಥರ್ಮಾಮೀಟರ್‌ನ ನೆರಳಿನ ಗೂಡಲ್ಲಿಟ್ಟು, ಬಯಲಲ್ಲಿ ಅದೇ ಎತ್ತರದಲ್ಲಿ ಹತ್ತು ಹದಿನೈದು ದಿನ ಇಡಿ. ಮೋಡದ ರಾತ್ರಿ, ಗಾಳಿ ಬೀಸೋ ರಾತ್ರಿ ಎರಡೂ ಒಂದೇ ತೋರಿಸಿ, ತಿಳಿ ಆಕಾಶದ ರಾತ್ರಿ ಮಾತ್ರ ಬೇರೆ ಬಂದ್ರೆ ಬಹುಪಾಲು ಜಾಗದ್ದೇ ತೊಂದರೆ. ಯಾವಾಗ ನೋಡಿದ್ರೂ ಅಷ್ಟೇ ವ್ಯತ್ಯಾಸ ಇದ್ರೆ ಆಗ ಫೋನ್ ಮಾಡಿ, ಬರ್ತೀನಿ.

ಚಿಕ್ಕಬಳ್ಳಾಪುರದ ಕಡೆ ಒಬ್ಬರ ದ್ರಾಕ್ಷಿ ತೋಟ. ಮೂರು ಸಲ ಫೋನಾದ ಮೇಲೆ ಬೆಳಗ್ಗೆ ಐದೂವರೆಗೇ ಹೋದೆ. ಸೈಜುಗಲ್ಲಿನ ಪಂಪ್‌ಹೌಸು, ಅದರ ಪಶ್ಚಿಮದ ಗೋಡೆಗೆ ಮಿಷಿನ್ನು. "ಗೋಡೆ ಮುಟ್ಟಿ ನೋಡಿ ಯಜಮಾನ್ರೇ" ಅಂದೆ. ಮುಟ್ಟಿದ್ರು, ಇನ್ನೂ ಉಗುರು ಬೆಚ್ಚಗಿತ್ತು, ಕೈ ತೆಗೀದೆ ಹಂಗೇ ನಿಂತ್ರು. ಅವತ್ತೇ ಕಂಬನ ನಲವತ್ತು ಮೀಟರ್ ಆಚೆ ಹುಲ್ಲಿನ ಬಯಲಿಗೆ ಹಾಕಿ ಸುತ್ತ ಮುಳ್ಳುತಂತಿ ಕಟ್ಟಿಸಿದ್ವಿ. ತಿಳಿ ರಾತ್ರಿಗಳಲ್ಲಿ ಎರಡೂವರೆ ಡಿಗ್ರಿ ಇಳೀತು. ಅವರಿಗೆ ಇದು ಬರೀ ನಂಬರಲ್ಲ, ದ್ರಾಕ್ಷಿಗೆ ಬರೋ ಡೌನಿ ರೋಗದ ಲೆಕ್ಕದಲ್ಲಿ ಎಲೆ ಎಷ್ಟು ಹೊತ್ತು ಒದ್ದೆಯಾಗಿತ್ತು ಅನ್ನೋದು ಮುಖ್ಯ, ಬೆಚ್ಚಗೆ ತೋರಿಸೋ ಸೆನ್ಸರ್ ಇಬ್ಬನಿನೇ ಬಿದ್ದಿಲ್ಲ ಅನ್ನುತ್ತೆ, ಚಪ್ಪರದ ಮೇಲಿನ ಎಲೆ ನೋಡಿದ್ರೆ ತೊಟ್ಟಿಕ್ತಾ ಇರುತ್ತೆ.

ಕಂಬ ನೆಡ್ತಾ ಇದ್ದಾಗ ಅವರ ತಾಯಿ ಕಾಫಿ ತಂದ್ರು. "ಚಳಿ ನೋಡಬೇಕಂದ್ರೆ ಇಲ್ಯಾಕಪ್ಪ ನೆಡ್ತೀರಾ, ಹಳ್ಳದ ಮೂಲೆಗೆ ಹೋಗಿ, ಅಲ್ಲಿ ನಾವು ದನಾನೂ ಕಟ್ತಾ ಇರ್ಲಿಲ್ಲ" ಅಂದ್ರು. ರಾತ್ರಿ ತಣ್ಣನೆ ಗಾಳಿ ಇಳಿಜಾರಲ್ಲಿ ನೀರಿನ ಥರ ಹರಿದು ತಗ್ಗಲ್ಲಿ ನಿಲ್ಲೋದನ್ನ ಆಯಮ್ಮ ನನಗಿಂತ ಮುಂಚೆ ತಿಳ್ಕೊಂಡಿದ್ರು. ಮುಖ್ಯ ಕಂಬ ಬಯಲಲ್ಲೇ ಬಿಟ್ಟು, ಆ ಮೂಲೆಗೆ ತಾಪಮಾನ ಬರೆದಿಡೋ ಒಂದು ಸಣ್ಣ ಲಾಗರ್ ಕಟ್ಟಿ ಬಂದೆ. ಮುಂದಿನ ವಾರ ಯಜಮಾನ್ರು ವಾಟ್ಸಾಪಲ್ಲಿ ಫೋಟೋ ಕಳ್ಸಿದ್ರು, ಬಯಲಲ್ಲಿ 13.1, ಹಳ್ಳದಲ್ಲಿ 11.4.